ಶತ್ರುವಿಗೂ ಒಂದು ಕೌದಿ

ಸುಗ್ಗಿ ಮುಗಿದು ಬೇಸಿಗೆಯ ಬಿಡುವು ದೊರೆತಾಗ ಉತ್ತರ ಕರ್ನಾಟಕದ ಹಳ್ಳಿಗಳ ಪಡಸಾಲೆಗಳಲ್ಲಿ ಹೆಂಗಸರು ಕೌದಿ ಹೊಲಿಯಲು ಕೂಡುವುದುಂಟು. ಉಟ್ಟು ಹಳತಾದ ಸೀರೆ, ಸವೆದ ಧೋತರ, ಮಕ್ಕಳಿಗೆ ಗಿಡ್ಡಾದ ಅಂಗಿ, ಇವೆಲ್ಲವೂ ಅಲ್ಲಿ ಪದರ ಪದರವಾಗಿ ಒಂದಾಗುತ್ತವೆ. ಯಲ್ಲಾಪುರ, ಹಳಿಯಾಳ, ಮುಂಡಗೋಡಗಳ ಸಿದ್ದಿ ಹೆಂಗಸರು ಇದನ್ನೇ ಕವಂದಿ ಎನ್ನುತ್ತಾರೆ. ಅವರು ಅಂಚಿನಿಂದ ಹೊಲಿಗೆಯನ್ನು ಆರಂಭಿಸಿ ಸುತ್ತುತ್ತ ಸುತ್ತುತ್ತ ನಡುವಿಗೆ ಬರುತ್ತಾರೆ. ನಾಲ್ಕು ಮೂಲೆಗಳಿಗೆ ಮಡಚಿದ ಬಟ್ಟೆಯ ಪುಟ್ಟ ‘ಫೂಲ’ಗಳನ್ನು ಕೂಡಿಸಿದ ಮೇಲೆಯೇ ಅವರ ಪಾಲಿಗೆ ಕೆಲಸ ಮುಗಿದಂತೆ. ಎಸೆಯಬೇಕಾದ ಚಿಂದಿಯನ್ನು ಎಸೆಯದೆ ಮತ್ತೊಬ್ಬರ ಮೈಗೆ ಬೆಚ್ಚನೆಯ ಹೊದಿಕೆಯಾಗಿಸುವ ಈ ಕೆಲಸದಲ್ಲಿ ಮಿತವ್ಯಯವೂ ಇದೆ, ಮಮತೆಯೂ ಇದೆ.

ಕೌದಿಯನ್ನು ಹೊಲಿಯುವವರು ಬಹುಮಟ್ಟಿಗೆ ತಮಗಾಗಿ ಹೊಲಿಯುವುದಿಲ್ಲ. ಹುಟ್ಟಿದ ಕೂಸಿಗೆ, ಗಂಡನ ಮನೆಗೆ ಹೊರಟ ಮಗಳಿಗೆ, ಮುಪ್ಪಿನ ಅತ್ತೆಗೆ, ಹೀಗೆ ಪ್ರತಿಯೊಂದು ಕೌದಿಗೂ ಒಬ್ಬ ಒಡೆಯನೋ ಒಡತಿಯೋ ಮೊದಲೇ ಮನಸ್ಸಿನಲ್ಲಿ ನಿಂತಿರುತ್ತಾರೆ. ಹಣ ಕೊಟ್ಟು ತಂದ ಉಡುಗೊರೆಯಲ್ಲಿ ಕೊಡುವವನ ಸಂಪತ್ತಿನ ಒಂದು ಅಂಶ ಇರುತ್ತದೆ. ಕೈಯಿಂದ ಹೊಲಿದ ಹೊದಿಕೆಯಲ್ಲಾದರೋ ಕೊಡುವವರ ಆಯುಷ್ಯದ ಒಂದು ಅಂಶವೇ ಇರುತ್ತದೆ. ಆದ್ದರಿಂದಲೇ ಅದನ್ನು ನಾವು ಸಾಮಾನ್ಯವಾಗಿ ನಮ್ಮವರಿಗೆ ಮಾತ್ರ ಕೊಡುತ್ತೇವೆ. ಪರಿಚಯವಿಲ್ಲದವನಿಗಾಗಿ, ಅದರಲ್ಲಿಯೂ ನಮ್ಮನ್ನು ಸೆರೆಯಲ್ಲಿಟ್ಟು ನೋಯಿಸಿದವನಿಗಾಗಿ, ಹೀಗೆ ಗಂಟೆಗಟ್ಟಲೆ ಕುಳಿತು ಸೂಜಿ ನಡೆಸುವುದು ಮನುಷ್ಯನಿಗೆ ಸಾಧ್ಯವೆ? ಈ ಪ್ರಶ್ನೆಗೆ ಇತಿಹಾಸದಲ್ಲಿ ಒಂದು ಉತ್ತರವಿದೆ. ಅದು 1942ರ ಸಿಂಗಪುರದ ಚಾಂಗಿ ಸೆರೆಮನೆಯ ಉತ್ತರ.

ಸೆರೆಮನೆಯ ಹಾದಿ

ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷರ ಅಭೇದ್ಯ ಕೋಟೆಯೆಂದು ಹೆಸರಾಗಿದ್ದ ಸಿಂಗಪುರ 1942ರ ಫೆಬ್ರವರಿ 15ರಂದು ಜಪಾನೀ ಸೇನೆಗೆ ಶರಣಾಯಿತು. ಬ್ರಿಟಿಷ್, ಆಸ್ಟ್ರೇಲಿಯ ಮತ್ತು ಭಾರತೀಯ ಪಡೆಗಳ ಹತ್ತಾರು ಸಾವಿರ ಸೈನಿಕರು ಒಂದೇ ಹೊಡೆತಕ್ಕೆ ಯುದ್ಧಕೈದಿಗಳಾದರು. ಬ್ರಿಟಿಷ್ ಮತ್ತು ಆಸ್ಟ್ರೇಲಿಯ ಸೈನಿಕರನ್ನು ದ್ವೀಪದ ಪೂರ್ವ ತುದಿಯ ಚಾಂಗಿಯ ಸೇನಾ ಬಿಡಾರಗಳಲ್ಲಿ ಇರಿಸಲಾಯಿತು. ಯುದ್ಧಕ್ಕೆ ಸಂಬಂಧಿಸದ ನಾಗರಿಕರು, ಎಂದರೆ ಅಧಿಕಾರಿಗಳು, ವ್ಯಾಪಾರಿಗಳು, ವೈದ್ಯರು, ದಾದಿಯರು, ಅವರ ಮಡದಿ ಮಕ್ಕಳು, ಅದೇ ಪ್ರದೇಶದ ಚಾಂಗಿ ಕಾರಾಗೃಹದ ಪಾಲಾದರು. ಹೆಂಗಸರೂ ಮಕ್ಕಳೂ ಮಾರ್ಚ್ 8ರಂದು ಕೈಯಲ್ಲಿ ಹಿಡಿಯಬಹುದಾದಷ್ಟು ಸಾಮಾನಿನೊಡನೆ ಹಲವು ಮೈಲಿಗಳ ದಾರಿ ಸವೆಸಿ ಆ ಹೆಬ್ಬಾಗಿಲನ್ನು ಹೊಕ್ಕರು.

1936ರಲ್ಲಿ ತೆರೆದ ಆ ಕಾರಾಗೃಹವನ್ನು ಸುಮಾರು 600 ಕೈದಿಗಳಿಗಾಗಿ ಕಟ್ಟಲಾಗಿತ್ತು. ಈಗ ಅದರೊಳಗೆ ಎರಡು ಸಾವಿರಕ್ಕೂ ಮಿಕ್ಕಿದ ಗಂಡಸರೂ ಸುಮಾರು 400 ಹೆಂಗಸರು ಮಕ್ಕಳೂ ತುಂಬಿದರು. ಒಬ್ಬನಿಗೆಂದು ಮಾಡಿದ ಕೋಣೆಯಲ್ಲಿ ಇಬ್ಬರು ಮೂವರು ಮಲಗಬೇಕಾಯಿತು. ಊಟವೆಂದರೆ ಮುಖ್ಯವಾಗಿ ಅಕ್ಕಿ, ಅದೂ ಅರೆಹೊಟ್ಟೆಗೆ. ಇದೆಲ್ಲಕ್ಕಿಂತ ಮಿಗಿಲಾದ ಸಂಕಟ ಬೇರೊಂದಿತ್ತು. ಗಂಡಸರ ವಿಭಾಗಕ್ಕೂ ಹೆಂಗಸರ ವಿಭಾಗಕ್ಕೂ ನಡುವೆ ಗೋಡೆ ಇತ್ತು, ಮಾತುಕತೆಗೆ ನಿಷೇಧವಿತ್ತು. ಸೇನೆಯಲ್ಲಿದ್ದವರ ಮಡದಿಯರಿಗಂತೂ ಗಂಡ ಬದುಕಿರುವನೋ ಸತ್ತನೋ ಎಂಬುದೂ ತಿಳಿಯದು. ಅತ್ತ ಬಿಡಾರದ ಆಸ್ಪತ್ರೆಯಲ್ಲಿ ಗಾಯಗೊಂಡು ಮಲಗಿದ್ದವನಿಗೂ ಮಡದಿ ಮಕ್ಕಳ ಸುಳಿವಿಲ್ಲ.

ಆರು ಅಂಗುಲದ ಜಾಗ

ಆ ಹೆಂಗಸರ ನಡುವೆ ಎಥೆಲ್ ಮಲ್ವೆನಿ ಎಂಬ ಕೆನಡಾದ ಮಹಿಳೆ ಇದ್ದರು. ಅವರು ಶಿಬಿರದಲ್ಲಿ ರೆಡ್ ಕ್ರಾಸ್ ಸಂಸ್ಥೆಯ ಪ್ರತಿನಿಧಿಯಾಗಿ ಕೆಲಸ ಮಾಡುತ್ತಿದ್ದರು. ಆಸ್ಪತ್ರೆಯ ಗಾಯಾಳುಗಳಿಗಾಗಿ ಎಲ್ಲರೂ ಸೇರಿ ಕೌದಿಗಳನ್ನು ಹೊಲಿಯೋಣವೆಂಬ ಯೋಚನೆ ಅವರದು. ಬಯಸಿದ ಪ್ರತಿಯೊಬ್ಬ ಹೆಂಗಸಿಗೂ ಆರು ಅಂಗುಲ ಚೌಕದ ಒಂದು ಬಿಳಿಯ ಹತ್ತಿಬಟ್ಟೆಯ ತುಂಡು ಕೊಡಲಾಯಿತು. ಅದರಲ್ಲಿ ನಿನ್ನದೆಂಬ ಏನನ್ನಾದರೂ ಕಸೂತಿ ಹಾಕು, ಹೆಸರನ್ನೂ ಹಾಕು ಎಂಬುದಷ್ಟೇ ಸೂಚನೆ. ದಾರಕ್ಕೆ ಬರವಿದ್ದ ಕಡೆಯಲ್ಲಿ ಹಳೆಯ ಬಟ್ಟೆಗಳನ್ನು ಬಿಚ್ಚಿ ಎಳೆ ತೆಗೆಯಬೇಕಾಯಿತು.

ಈ ಕೆಲಸಕ್ಕೆ ಮೂರು ಪ್ರಯೋಜನಗಳಿದ್ದವು. ಮೊದಲನೆಯದು, ಮಾಡಲು ಏನೂ ಇಲ್ಲದ ದಿನಗಳ ಭಾರವನ್ನು ಕಳೆಯುವುದು. ಎರಡನೆಯದು, ಕುಸಿಯುತ್ತಿದ್ದ ಮನಸ್ಸುಗಳನ್ನು ಎತ್ತಿ ನಿಲ್ಲಿಸುವುದು. ಮೂರನೆಯದು ಗುಟ್ಟಿನದು: ಹೊರನೋಟಕ್ಕೆ ಅಲಂಕಾರವಾಗಿದ್ದ ಸಹಿಯೇ ಒಳಗೆ ಸುದ್ದಿಯಾಗಿತ್ತು. ಆಸ್ಪತ್ರೆಯಲ್ಲಿ ಕೌದಿಯನ್ನು ಬಿಡಿಸಿದಾಗ ಅದರಲ್ಲಿ ತನ್ನ ಮಡದಿಯ ಹೆಸರನ್ನು ಕಂಡ ಗಂಡನಿಗೆ ಬೇರೆ ಪತ್ರವೇ ಬೇಡ. ಅವಳು ಬದುಕಿದ್ದಾಳೆ ಎಂದು ಆ ನೂಲಿನ ಅಕ್ಷರಗಳೇ ಹೇಳುತ್ತಿದ್ದವು. ಕೆಲವರು ಹೂವುಗಳನ್ನು ಬಿಡಿಸಿದರು, ಕೆಲವರು ಬಿಟ್ಟುಬಂದ ಮನೆಯನ್ನು ಬಿಡಿಸಿದರು, ಮತ್ತೆ ಕೆಲವರು ತಮ್ಮ ನಾಡಿನ ಗುರುತುಗಳನ್ನು ಬಿಡಿಸಿದರು. ಸೆರೆಮನೆಯನ್ನು ಚಾಂಗಿಯ ವಿಹಾರಧಾಮವೆಂದು ಕರೆದು ನಕ್ಕವರೂ ಇದ್ದರು. ನಗುವನ್ನು ಕಳೆದುಕೊಳ್ಳದವರನ್ನು ಪೂರ್ತಿಯಾಗಿ ಸೋಲಿಸುವುದು ಕಷ್ಟ.

ಹೀಗೆ ಮೂರು ಕೌದಿಗಳು ಸಿದ್ಧವಾದವು. ಪ್ರತಿಯೊಂದರಲ್ಲಿಯೂ 66 ಚೌಕಗಳು. ಒಂದು ಬ್ರಿಟಿಷ್ ಗಾಯಾಳುಗಳಿಗೆ, ಒಂದು ಆಸ್ಟ್ರೇಲಿಯದ ಗಾಯಾಳುಗಳಿಗೆ. ಮೂರನೆಯದು ಗಾಯಗೊಂಡ ಜಪಾನೀ ಸೈನಿಕರಿಗೆ.

ಕೌದಿಗಳ ಹಿಂಬದಿಯಲ್ಲಿ ಹೊಲಿದ ಬರಹದ ತಾತ್ಪರ್ಯ ಇಷ್ಟು: ಶಿಬಿರದ ಹೆಂಗಸರು ಗಾಯಗೊಂಡ ಸೈನಿಕರಿಗೆ, ಅವರ ನೋವಿಗಾಗಿ ಮರುಗಿ, ಇದನ್ನು ಅರ್ಪಿಸಿದ್ದಾರೆ, ಯುದ್ಧ ನಿಂತ ಮೇಲೆ ಇದು ಆ ದೇಶದ ರೆಡ್ ಕ್ರಾಸ್ ಸಂಸ್ಥೆಗೆ ಸೇರಲಿ ಎಂಬುದು ಅವರ ಬಯಕೆ. ಆಸ್ಟ್ರೇಲಿಯದವರಿಗೆ ಯಾವ ಮಾತೋ ಜಪಾನೀಯರಿಗೂ ಅದೇ ಮಾತು. ದೇಶದ ಹೆಸರು ಮಾತ್ರ ಬೇರೆ. ಕೊನೆಯಲ್ಲಿ, ಇದನ್ನು ನೀರಿನಲ್ಲಿ ಒಗೆಯದೆ ಡ್ರೈ ಕ್ಲೀನಿಂಗ್ ಮಾಡಿಸುವುದು ಲೇಸು ಎಂಬ ಗೃಹಿಣಿಯ ಸಲಹೆಯನ್ನೂ ಅವರು ಮರೆತಿರಲಿಲ್ಲ. ಸೆರೆಯಲ್ಲಿದ್ದೂ ಮುಂದೊಂದು ದಿನ ಯುದ್ಧ ಮುಗಿಯುವುದೆಂದು, ಆಗ ಯಾರೋ ಈ ಬಟ್ಟೆಯನ್ನು ಜೋಪಾನ ಮಾಡುವರೆಂದು ನಂಬಿದವರು ಮಾತ್ರ ಹಾಗೆ ಬರೆಯಬಲ್ಲರು.

ಮಕ್ಕಳ ಕೌದಿ

ಅದೇ ಗೋಡೆಗಳೊಳಗೆ ಇನ್ನೊಂದು ಕೌದಿಯೂ ಹುಟ್ಟಿತು. ಎಲಿಜಬೆತ್ ಎನ್ನಿಸ್ ಎಂಬವರು ಅಲ್ಲಿದ್ದ ಹುಡುಗಿಯರನ್ನು ಕೂಡಿಸಿ ಗರ್ಲ್ ಗೈಡ್ಸ್ ದಳವೊಂದನ್ನು ನಡೆಸುತ್ತಿದ್ದರು. ಸುಮಾರು 8ರಿಂದ 16 ವರ್ಷದೊಳಗಿನ ಆ ಹುಡುಗಿಯರು ತಮ್ಮ ನಾಯಕಿಯ ಹುಟ್ಟುಹಬ್ಬಕ್ಕೆ ಏನಾದರೂ ಕೊಡಬೇಕೆಂದು ಬಯಸಿದರು. ಕೊಡಲು ಏನೂ ಇರಲಿಲ್ಲ. ಆದ್ದರಿಂದ ಸಿಕ್ಕಿದ ಚಿಂದಿಗಳನ್ನು ಆರು ಮೂಲೆಯ ಸಣ್ಣ ತುಂಡುಗಳಾಗಿ ಕತ್ತರಿಸಿ, ಹೂವಿನ ಎಸಳುಗಳಂತೆ ಜೋಡಿಸಿ, ಪ್ರತಿ ಹೂವಿನ ನಡುವೆ ಹೊಲಿದವಳ ಹೆಸರನ್ನಿರಿಸಿ, ಆಕೆಗೆ ತಿಳಿಯದಂತೆ ಕೌದಿ ಹೊಲಿದರು. ಇಲ್ಲಿ ಯಾವ ತಂತ್ರವೂ ಇಲ್ಲ, ಸುದ್ದಿ ಕಳಿಸುವ ಉಪಾಯವೂ ಇಲ್ಲ. ಹಸಿದ ಮಕ್ಕಳೂ ಕೊಡಲು ಬಯಸುತ್ತಾರೆ ಎಂಬುದಕ್ಕೆ ಇದು ಸಾಕ್ಷಿ. ಪಡೆಯುವ ಹಸಿವಿನಂತೆಯೇ ಕೊಡುವ ಹಸಿವೂ ಮನುಷ್ಯನಿಗೆ ಸಹಜವೆಂದು ಈ ಪುಟ್ಟ ಕೌದಿ ನೆನಪಿಸುತ್ತದೆ.

ಕರುಣೆಯೋ ಉಪಾಯವೋ?

ಈಗ ವಿಚಾರವಂತರಾದ ವಾಚಕರು ಕೇಳಬೇಕಾದ ಪ್ರಶ್ನೆಯೊಂದಿದೆ. ಜಪಾನೀ ಗಾಯಾಳುಗಳಿಗೆ ಹೊಲಿದ ಕೌದಿ ನಿಜವಾದ ಕರುಣೆಯ ಫಲವೆ? ಅಥವಾ ಉಳಿದ ಎರಡು ಕೌದಿಗಳು ಕಾವಲುಗಾರರ ಕೈದಾಟಿ ಆಸ್ಪತ್ರೆಗೆ ತಲುಪಲೆಂದು ಹೂಡಿದ ಉಪಾಯವೆ? ಅನುಮತಿ ಸುಲಭವಾಗಲೆಂದೇ ಮೂರನೆಯದನ್ನು ಸೇರಿಸಿದರು ಎಂದು ಇತಿಹಾಸವನ್ನು ಬರೆದವರಲ್ಲಿ ಅನೇಕರು ಅಭಿಪ್ರಾಯಪಡುತ್ತಾರೆ. ಈ ಮಾತನ್ನು ಮರೆಮಾಚಿ ಆ ಹೆಂಗಸರನ್ನು ದೇವತೆಗಳನ್ನಾಗಿ ಮಾಡುವುದು ಸತ್ಯಕ್ಕೆ ಅಪಚಾರ. ಅವರು ಗಂಡಂದಿರಿಗೆ ಸುದ್ದಿ ಮುಟ್ಟಿಸಲು ಹಾತೊರೆಯುತ್ತಿದ್ದ ಸಾಮಾನ್ಯ ಮನುಷ್ಯರು.

ಆದರೆ ಉಪಾಯವೆಂದು ಹೇಳಿ ಪುಸ್ತಕ ಮುಚ್ಚುವುದೂ ಅಷ್ಟೇ ಅವಸರದ ಮಾತು. ಕಣ್ಣೊರೆಸುವುದಕ್ಕಷ್ಟೇ ಆಗಿದ್ದರೆ ಚಿಕ್ಕದೊಂದು ಕಾಣಿಕೆ ಸಾಕಾಗುತ್ತಿತ್ತು. ಅವರು ಹಾಗೆ ಮಾಡಲಿಲ್ಲ. ತಮ್ಮವರಿಗೆ 66 ಚೌಕಗಳಾದರೆ ಶತ್ರುವಿಗೂ 66 ಚೌಕಗಳು. ತಮ್ಮವರ ನೋವಿಗೆ ಮರುಗಿದ ಮಾತನ್ನೇ ಶತ್ರುವಿನ ನೋವಿಗೂ ಹೊಲಿದರು. ತೂಕದಲ್ಲಿ ಕಡಿಮೆ ಮಾಡಲಿಲ್ಲ, ಮಾತಿನಲ್ಲಿಯೂ ಕಡಿಮೆ ಮಾಡಲಿಲ್ಲ. ಇನ್ನೂ ಒಂದು ಸಂಗತಿಯನ್ನು ಗಮನಿಸಬೇಕು. ಅವರು ಕೌದಿಯನ್ನು ಅರ್ಪಿಸಿದ್ದು ಜಪಾನೀ ಸೇನಾಧಿಪತಿಗಲ್ಲ, ಕಾರಾಗೃಹದ ಅಧಿಕಾರಿಗಲ್ಲ, ಗಾಯಗೊಂಡ ಸೈನಿಕನಿಗೆ. ಹಾಸಿಗೆ ಹಿಡಿದವನಲ್ಲಿ ಶತ್ರುತ್ವ ಹಿಂದೆ ಸರಿದು ನೋವು ಮುಂದೆ ಬರುತ್ತದೆ. ಆ ನೋವಿಗೆ ದೇಶವಿಲ್ಲ.

ಮನುಷ್ಯನ ಉದ್ದೇಶಗಳು ಕೌದಿಯ ಪದರಗಳಂತೆ. ಮೇಲಿನ ಪದರದಲ್ಲಿ ಸ್ವಾರ್ಥವಿದ್ದು ಕೆಳಗಿನ ಪದರದಲ್ಲಿ ಅನುಕಂಪವಿರಬಹುದು. ಒಂದೇ ಹೊಲಿಗೆ ಎರಡನ್ನೂ ಹಿಡಿದು ನಿಲ್ಲಿಸಿರಬಹುದು. ಪೂರ್ತಿ ಶುದ್ಧವಾದ ಉದ್ದೇಶ ಹುಟ್ಟುವವರೆಗೆ ಕಾಯುತ್ತೇನೆ ಎನ್ನುವವನು ಬಹುಶಃ ಎಂದೂ ಏನನ್ನೂ ಕೊಡಲಾರ. ಕೊಡುವ ಕೆಲಸವನ್ನು ಕೈ ಮೊದಲು ಆರಂಭಿಸಿದರೆ ಮನಸ್ಸು ನಿಧಾನವಾಗಿ ಹಿಂಬಾಲಿಸುವುದೂ ಉಂಟು. ಪರನಿಗಾಗಿ ಸಾವಿರ ಬಾರಿ ಸೂಜಿ ಎತ್ತಿ ಇಳಿಸಿದವಳು ಒಮ್ಮೆಯಾದರೂ ಅವನ ಮುಖವನ್ನು ಕಲ್ಪಿಸಿಕೊಳ್ಳದೆ ಇರುವಳೆ?

ಫಲದ ಲೆಕ್ಕ

ಈ ಕಾಣಿಕೆಯಿಂದ ಸೆರೆಯಲ್ಲಿದ್ದವರ ಕಷ್ಟ ತೀರಿತೆ ಎಂದರೆ, ಇಲ್ಲ. ಸಿಂಗಪುರದ ಬಂದರಿನಲ್ಲಿ ಹಡಗುಗಳು ಸ್ಫೋಟಗೊಂಡವು. ಅದರಲ್ಲಿ ಕೈದಿಗಳ ಕೈವಾಡವಿದೆಯೆಂದು ಶಂಕಿಸಿದ ಜಪಾನೀ ಸೇನಾಪೊಲೀಸರು 1943ರ ಅಕ್ಟೋಬರ್ 10ರಂದು ಕಾರಾಗೃಹದ ಮೇಲೆ ದಾಳಿ ಮಾಡಿದರು. ಅಂದಿನಿಂದ 57 ಮಂದಿಯನ್ನು ವಿಚಾರಣೆಗೆ ಎಳೆದೊಯ್ದು ಹಿಂಸಿಸಲಾಯಿತು. ಅವರಲ್ಲಿ 15 ಮಂದಿ ಸತ್ತರು. ಮಕ್ಕಳಿಗೆ ಪೌಷ್ಟಿಕಾಂಶದ ಕೊರತೆಯಿಂದ ಬರುವ ಕ್ವಾಷಿಯೋರ್ಕರ್ ರೋಗವನ್ನು 1930ರ ದಶಕದಲ್ಲಿ ವೈದ್ಯಲೋಕಕ್ಕೆ ತಿಳಿಸಿದ್ದ ಡಾ. ಸಿಸಿಲಿ ವಿಲಿಯಮ್ಸ್ ಅವರೂ, ಶಿಬಿರದ ಪತ್ರಿಕೆಯನ್ನು ನಡೆಸುತ್ತಿದ್ದ ಫ್ರೆಡಿ ಬ್ಲೂಮ್ ಅವರೂ ತಿಂಗಳುಗಟ್ಟಲೆ ಆ ನರಕವನ್ನು ಅನುಭವಿಸಿ ಮರಳಿದರು. 1944ರಲ್ಲಿ ಕೈದಿಗಳನ್ನು ಸೈಮ್ ರೋಡ್ ಶಿಬಿರಕ್ಕೆ ಸಾಗಿಸಲಾಯಿತು. ಬಿಡುಗಡೆಯಾದದ್ದು 1945ರಲ್ಲಿ, ಯುದ್ಧ ಮುಗಿದ ಮೇಲೆಯೇ.

ಗೋಡೆಯ ಹೊರಗಿನ ಸಿಂಗಪುರವನ್ನೂ ಇಲ್ಲಿ ಮರೆಯಬಾರದು. ನಗರ ಬಿದ್ದ ಮೊದಲ ವಾರಗಳಲ್ಲಿಯೇ ಸಾವಿರಾರು ಚೀನೀ ಪುರುಷರನ್ನು ಆರಿಸಿ ತೆಗೆದು ಕೊಲ್ಲಲಾಯಿತು. ಅವರಲ್ಲಿ ಬಹುಮಂದಿಯ ಹೆಸರನ್ನು ಯಾವ ಬಟ್ಟೆಯ ಮೇಲೂ ಯಾರೂ ಹೊಲಿಯಲಿಲ್ಲ. ಚಾಂಗಿಯ ಕೌದಿಯನ್ನು ಹೊಗಳುವಾಗ ಈ ಮೌನವನ್ನೂ ನೆನೆಯುವುದು ನ್ಯಾಯ. ಶತ್ರುವಿಗೆ ತೋರಿದ ಕರುಣೆ ಅವನ ಅಪರಾಧವನ್ನು ಅಳಿಸುವುದಿಲ್ಲ. ಅದು ಅಳಿಸುವುದು ನಮ್ಮೊಳಗಿನ ದ್ವೇಷವನ್ನು ಮಾತ್ರ.

ಯುದ್ಧಾನಂತರ ಆ ಕೌದಿಗಳು ಬೇರೆ ಬೇರೆ ದಾರಿ ಹಿಡಿದವು. ಬ್ರಿಟಿಷ್ ಕೌದಿ ಲಂಡನ್ನಿನಲ್ಲಿ ಬ್ರಿಟಿಷ್ ರೆಡ್ ಕ್ರಾಸ್ ಸಂಸ್ಥೆಯ ವಶದಲ್ಲಿದೆ. ಹುಡುಗಿಯರ ಕೌದಿ ಲಂಡನ್ನಿನ ಇಂಪೀರಿಯಲ್ ವಾರ್ ಮ್ಯೂಸಿಯಂ ಸೇರಿದೆ. ಆಸ್ಟ್ರೇಲಿಯದ ಕೌದಿಯೂ ಜಪಾನೀ ಕೌದಿಯೂ ಕ್ಯಾನ್‌ಬೆರಾದ ಆಸ್ಟ್ರೇಲಿಯನ್ ಯುದ್ಧ ಸ್ಮಾರಕದಲ್ಲಿ ಒಂದೇ ಸೂರಿನಡಿ ಇವೆ. ಜಪಾನಿನ ರೆಡ್ ಕ್ರಾಸ್ ಸಂಸ್ಥೆಗೆ ಸೇರಲಿ ಎಂದು ಹಿಂಬದಿಯಲ್ಲಿ ಹೊಲಿದ ಬಯಕೆ ಅಕ್ಷರಶಃ ಈಡೇರಲಿಲ್ಲ. ಆದರೂ ಹಿಂದಿನ ಇಬ್ಬರು ವೈರಿಗಳಿಗಾಗಿ ಹೊಲಿದ ಹೊದಿಕೆಗಳು ಒಂದೇ ಮನೆಯಲ್ಲಿ ಶಾಂತವಾಗಿರುವುದನ್ನು ನೆನೆದರೆ ಆ ಬಯಕೆಯ ಅರ್ಥ ಪೂರ್ತಿ ಸುಳ್ಳಾಯಿತೆನ್ನಲಾಗದು.

ಎಥೆಲ್ ಮಲ್ವೆನಿಯವರು ದೇಹವೂ ಮನಸ್ಸೂ ಜರ್ಝರಿತವಾಗಿ ಕೆನಡಾಕ್ಕೆ ಮರಳಿದರು. ಸೆರೆಯಲ್ಲಿದ್ದಾಗ ಹಸಿದ ಹೆಂಗಸರು ಒಟ್ಟಿಗೆ ಕುಳಿತು, ಇಲ್ಲದ ಅಡುಗೆಗಳನ್ನು ಬಾಯಲ್ಲಿಯೇ ಮಾಡಿ ಬಡಿಸಿಕೊಳ್ಳುತ್ತಿದ್ದರು. ಆ ಪಾಕವಿಧಾನಗಳನ್ನು ಬರೆದಿಟ್ಟುಕೊಂಡಿದ್ದರು. ಮಲ್ವೆನಿಯವರು ಅವನ್ನು 1946ರಲ್ಲಿ ಪುಸ್ತಕವಾಗಿ ಅಚ್ಚು ಹಾಕಿಸಿದರು. ಸುಮಾರು 20,000 ಪ್ರತಿಗಳು ಮಾರಾಟವಾಗಿ 18,000 ಡಾಲರ್ ಕೂಡಿತು. ಆ ಹಣ ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ ಇನ್ನೂ ನರಳುತ್ತಿದ್ದ ಮಾಜಿ ಯುದ್ಧಕೈದಿಗಳ ಆಹಾರಕ್ಕೆ ಸಂದಿತು. ಹಸಿವನ್ನು ಉಂಡವಳು ಅದನ್ನೇ ಇತರರ ತುತ್ತಾಗಿಸಿದಳು. ಚಿಂದಿಯನ್ನು ಕೌದಿಯಾಗಿಸುವ ಕಲೆ ಇದಲ್ಲದೆ ಬೇರೇನು?

ನಮ್ಮ ಪಡಸಾಲೆಗಳಿಗೆ ಮರಳೋಣ. ಇಂದು ಅಂಗಡಿಯಲ್ಲಿ ಕಡಿಮೆ ಬೆಲೆಗೆ ಮೆತ್ತನೆಯ ಹೊದಿಕೆಗಳು ಸಿಗುತ್ತವೆ. ಚಳಿಗೆ ಅವೇ ಸಾಕು. ಹಾಗಿದ್ದರೂ ಜನ ಏಕೆ ಕೌದಿ ಹೊಲಿಯಬೇಕು? ಚಾಂಗಿಯ ಹೆಂಗಸರ ಉತ್ತರ ಸರಳವಾಗಿದೆ: ನಾನು ಇನ್ನೂ ಇದ್ದೇನೆ ಎಂದು ಹೇಳಲು, ನೀನು ಇರಬೇಕು ಎಂದು ಹಾರೈಸಲು. ಮುಂದಿನ ಬಾರಿ ನಮ್ಮ ತಾಯಿಯೋ ಅಜ್ಜಿಯೋ ಹಳೆಯ ಸೀರೆಗಳನ್ನು ಹರವಿಕೊಂಡು ಕುಳಿತಾಗ ನಾವೂ ಹತ್ತಿರ ಕುಳಿತು ಒಂದು ಸಾಲು ಹೊಲಿಯೋಣ. ನಮ್ಮವರಿಗಾಗಿ ಹೊಲಿದ ಮೇಲೆ, ಮಾತು ಬಿಟ್ಟು ವರ್ಷಗಳಾದ ನೆರೆಯವನಿಗೋ ದಾಯಾದಿಗೋ ಒಂದು ಹೊಲಿಯಲು ಸಾಧ್ಯವೆ ಎಂದು ನಮ್ಮನ್ನು ನಾವೇ ಕೇಳಿಕೊಳ್ಳೋಣ. ಅರೆಹೊಟ್ಟೆಯಲ್ಲಿ, ಸೆರೆಯಲ್ಲಿ, ಆರು ಅಂಗುಲದ ಬಟ್ಟೆಯಲ್ಲಿ ಅವರು ವೈರಿಗೂ ಜಾಗ ಕೊಟ್ಟರು. ತುಂಬಿದ ಮನೆಯಲ್ಲಿರುವ ನಮ್ಮ ಹೃದಯದಲ್ಲಿ ಅಷ್ಟು ಜಾಗವಾದರೂ ಇರಬಾರದೆ?