ಪಿತ್ತನಾಳದ ಕ್ಯಾನ್ಸರ್: ರಕ್ತಸೂಚಕಗಳ ಚರಿತ್ರೆ

ಪಿತ್ತನಾಳದ ಕ್ಯಾನ್ಸರ್ ಹೆಚ್ಚಾಗಿ ಮೊದಲು ಕಾಣಿಸಿಕೊಳ್ಳುವುದು ಕಾಮಾಲೆಯಾಗಿಯೇ: ಕಣ್ಣು ಹಳದಿ, ಮೂತ್ರ ಕಡುಬಣ್ಣ, ಮಲ ಬಿಳಿಚು, ಮೈಯೆಲ್ಲ ತುರಿಕೆ. ಬೂವನಹಳ್ಳಿ, ಅರಕಲಗೂಡು ಸೇರಿದ ಹಾಸನ ಸೀಮೆಯಲ್ಲೂ ಕಾಮಾಲೆ ಎಂದರೆ ನೆಲನೆಲ್ಲಿ ರಸ, ಕಟ್ಟುನಿಟ್ಟಿನ ಪಥ್ಯ. ಸೋಂಕಿನ ಕಾಮಾಲೆ ಬಹಳಷ್ಟು ಸಲ ತಾನಾಗಿ ಇಳಿಯುವುದರಿಂದ ಆ ಮದ್ದಿಗೆ ಹೆಸರು ಬಂದಿದೆ. ಗಡ್ಡೆಯಿಂದ ನಾಳ ಕಟ್ಟಿ ಬಂದ ಕಾಮಾಲೆ ಹಾಗೆ ಇಳಿಯುವುದಿಲ್ಲ.

ಈ ಎರಡು ಕಾಮಾಲೆಗಳನ್ನು ಬೇರ್ಪಡಿಸಲು ರಕ್ತವನ್ನೇ ಕೇಳುವ ಪ್ರಯತ್ನ ಹಳೆಯದು. ಕಾಮಾಲೆಯ ಹಳದಿಗೆ ಕಾರಣವಾದ ಬಿಲಿರುಬಿನ್‌ನಲ್ಲಿ ಎರಡು ಬಗೆಯುಂಟೆಂದು 1916ರಲ್ಲಿ ವಾನ್ ಡೆನ್ ಬರ್ಗ್ ಮತ್ತು ಮುಲ್ಲರ್ ತೋರಿಸಿದರು. ಆಮೇಲೆ ಆಲ್ಕಲೈನ್ ಫಾಸ್ಫಟೇಸ್ ಎಂಬ ಕಿಣ್ವದ ಅಳತೆ ಜೊತೆಗೂಡಿತು. ನಾಳ ಕಟ್ಟಿದೆಯೆಂದು ಇವು ಸುಳಿವು ಕೊಟ್ಟವು. ಕಟ್ಟಿದ್ದು ಕಲ್ಲೋ ಗಡ್ಡೆಯೋ ಎಂಬುದಕ್ಕೆ ಉತ್ತರವಿರಲಿಲ್ಲ.

ಮುಂದಿನ ಸೂಚಕಗಳು ಬಂದದ್ದು ದೊಡ್ಡಕರುಳಿನ ಕ್ಯಾನ್ಸರ್ ಹುಡುಕಾಟದಿಂದ. ಮಾಂಟ್ರಿಯಲ್‌ನ ಫಿಲ್ ಗೋಲ್ಡ್ ಮತ್ತು ಸ್ಯಾಮ್ಯುಯೆಲ್ ಫ್ರೀಡ್‌ಮನ್ 1965ರಲ್ಲಿ ಸಿಇಎ (ಕಾರ್ಸಿನೋಎಂಬ್ರಿಯಾನಿಕ್ ಆಂಟಿಜೆನ್) ಎಂಬ ಸೂಚಕವನ್ನು ಗುರುತಿಸಿದರು. ಕೋಹ್ಲರ್ ಮತ್ತು ಮಿಲ್‌ಸ್ಟೀನ್ 1975ರಲ್ಲಿ ಏಕತದ್ರೂಪಿ (ಮಾನೊಕ್ಲೋನಲ್) ಪ್ರತಿಕಾಯಗಳನ್ನು ತಯಾರಿಸುವ ದಾರಿ ತೋರಿದ ಮೇಲೆ, 1979ರಲ್ಲಿ ಫಿಲಡೆಲ್ಫಿಯಾದ ವಿಸ್ಟಾರ್ ಸಂಸ್ಥೆಯ ಹಿಲರಿ ಕೊಪ್ರೊವ್ಸ್ಕಿ ತಂಡ ಕರುಳಿನ ಕ್ಯಾನ್ಸರ್ ಕೋಶಗಳ ವಿರುದ್ಧ ಪ್ರತಿಕಾಯಗಳನ್ನು ಸಿದ್ಧಪಡಿಸಿತು. ಅವುಗಳಲ್ಲೊಂದು ಹಿಡಿದುಕೊಟ್ಟದ್ದೇ ಸಿಎ 19-9. ಮೇದೋಜೀರಕ ಮತ್ತು ಪಿತ್ತನಾಳದ ವೈದ್ಯರು ಅದನ್ನು ತಮ್ಮದಾಗಿಸಿಕೊಂಡರು.

ಲ್ಯಾಬ್ ವರದಿಯಲ್ಲಿ ಅದರ ಗಡಿ ಸಾಮಾನ್ಯವಾಗಿ ಮಿಲಿಲೀಟರಿಗೆ 37 ಯೂನಿಟ್. ಈ ಅಂಕಿಯನ್ನು ನೋಡಿಯೇ ಬೆಚ್ಚುವವರಿದ್ದಾರೆ, ನಿಶ್ಚಿಂತರಾಗುವವರೂ ಇದ್ದಾರೆ, ಎರಡೂ ಆತುರವೇ. ಬರಿ ಕಲ್ಲಿನಿಂದ ನಾಳ ಕಟ್ಟಿ ಸೋಂಕಾದರೂ ಅದು ನೂರು, ಸಾವಿರ ದಾಟಬಹುದು. ಆದ್ದರಿಂದ ಸ್ಟೆಂಟ್ ಹಾಕಿ ಪಿತ್ತ ಹರಿಯಬಿಟ್ಟು, ಕಾಮಾಲೆ ಇಳಿದ ಮೇಲೆ ಮತ್ತೆ ಅಳೆಯುತ್ತಾರೆ. ಇನ್ನೊಂದು ತೊಡಕು ಹುಟ್ಟಿನಿಂದಲೇ ಬರುವಂಥದ್ದು. ಸಿಎ 19-9 ಲೂಯಿಸ್ ರಕ್ತಗುಂಪಿಗೆ ಸೇರಿದ ಸಕ್ಕರೆಸರಪಳಿ. ನೂರಕ್ಕೆ 5ರಿಂದ 10 ಮಂದಿಯ ದೇಹ ಅದನ್ನು ತಯಾರಿಸುವುದೇ ಇಲ್ಲ. ಅಂಥವರಲ್ಲಿ ಗಡ್ಡೆ ಬೆಳೆದರೂ ಅಂಕಿ ಏರದು.

  

ಐಜಿಜಿ4 ಎಂಬ ಪ್ರತಿಕಾಯದ ರಕ್ತಪರೀಕ್ಷೆಯದು ಸಿಎ 19-9ಕ್ಕೆ ತದ್ವಿರುದ್ಧ ಕೆಲಸ. ಕ್ಯಾನ್ಸರಿನಂತೆಯೇ ನಾಳವನ್ನು ಕಿರಿದಾಗಿಸಿದರೂ ಸ್ಟಿರಾಯ್ಡ್‌ಗೆ ಬಗ್ಗುವ ಉರಿಯೂತವನ್ನು ಗುರುತಿಸಲು ಅದು ನೆರವಾಗುತ್ತದೆ. ಇತ್ತೀಚೆಗೆ ರಕ್ತದಲ್ಲಿ ತೇಲುವ ಗಡ್ಡೆಯ ಡಿಎನ್‌ಎ ತುಣುಕುಗಳಲ್ಲಿ ಎಫ್‌ಜಿಎಫ್‌ಆರ್2, ಐಡಿಎಚ್1 ಎಂಬ ಜೀನ್‌ಗಳ ಬದಲಾವಣೆಗಳನ್ನು ಹುಡುಕುತ್ತಾರೆ. ಮೊದಲನೆಯದಕ್ಕೆ ಪೆಮಿಗಾಟಿನಿಬ್ ಎಂಬ ಗುಳಿಗೆಗೆ ಅಮೆರಿಕ 2020ರಲ್ಲಿ ಒಪ್ಪಿಗೆ ಕೊಟ್ಟಿತು. ಎರಡನೆಯದಕ್ಕೆ ಐವೊಸಿಡೆನಿಬ್ ಮರುವರ್ಷ ಬಂತು.