ತಿಪ್ಪೆಯಿಂದ ಪಾಠಶಾಲೆಗೆ

ಅನ್ನವನ್ನು ಕುರಿತು ನಮ್ಮ ಜನ ಎಂತಹ ಭಕ್ತಿಯಿಂದ ನಡೆದುಕೊಳ್ಳುತ್ತಿದ್ದರೋ, ಅನ್ನಕ್ಕೆ ಮೂಲವಾದ ಗೊಬ್ಬರವನ್ನು ಕುರಿತೂ ಅಂತಹುದೇ ಭಕ್ತಿಯಿಂದ ನಡೆದುಕೊಳ್ಳುತ್ತಿದ್ದ ಕಾಲವೊಂದಿದ್ದಿತು. ದೀಪಾವಳಿಯ ಸಂಜೆ ತಿಪ್ಪೆಗೂ ಪೂಜೆ ಸಲ್ಲಿಸಿ ಅದರ ಮೇಲೊಂದು ಹಣತೆಯನ್ನಿಡುವ ಪದ್ಧತಿ ನಮ್ಮ ಹಳ್ಳಿಗಳಲ್ಲಿ ಅಲ್ಲಲ್ಲಿ ಇನ್ನೂ ಉಳಿದಿದೆ. ಹುಟ್ಟಿದ ಮಕ್ಕಳು ಬದುಕದೆ ನೊಂದ ತಾಯಿ, ಮುಂದೆ ಹುಟ್ಟಿದ ಶಿಶುವನ್ನು ತಿಪ್ಪೆಯ ಮೇಲೆ ಹೊರಳಿಸಿ, ತಿಪ್ಪಯ್ಯನೆಂದೋ ತಿಪ್ಪಮ್ಮನೆಂದೋ ಹೆಸರಿಟ್ಟು ಆಯುಷ್ಯವನ್ನು ಬೇಡುತ್ತಿದ್ದುದೂ ಉಂಟು. ಬಳಸಿ ಬಿಟ್ಟದ್ದೆಲ್ಲ ನಾಶವಾಗುವುದಿಲ್ಲ, ರೂಪಾಂತರ ಹೊಂದಿ ಜೀವವಾಗಿಯೇ ಮರಳುತ್ತದೆಯೆಂಬ ತಿಳಿವಳಿಕೆ ಇಲ್ಲದ ಸಮಾಜದಲ್ಲಿ ಇಂತಹ ಆಚಾರಗಳು ಬೇರೂರುತ್ತಿರಲಿಲ್ಲ.

ಕೊಟ್ಟಿಗೆಯ ಸಗಣಿ, ಗಂಜಲದಲ್ಲಿ ನೆನೆದ ಹುಲ್ಲು, ಒಲೆಯ ಬೂದಿ, ಅಂಗಳದ ತರಗು, ದನ ತಿಂದುಳಿಸಿದ ಮೇವು ಇವೆಲ್ಲವೂ ವರ್ಷವಿಡೀ ತಿಪ್ಪೆಯನ್ನು ಸೇರಿ, ಮುಂಗಾರಿಗೆ ಮುನ್ನ ಗಾಡಿಯೇರಿ ಹೊಲಕ್ಕೆ ಹೋಗಿ, ಗುಪ್ಪೆಗುಪ್ಪೆಯಾಗಿ ಬಿದ್ದು, ಉತ್ತ ಮಣ್ಣಿನಲ್ಲಿ ಬೆರೆಯುತ್ತಿದ್ದವು. ಮಲೆನಾಡಿನಲ್ಲಿ ಇದೇ ಕ್ರಮ ಬೇರೊಂದು ರೂಪವನ್ನು ತಳೆದಿತ್ತು; ಉತ್ತರ ಕನ್ನಡದ ಅಡಿಕೆ ತೋಟಿಗರು ಸೊಪ್ಪಿನ ಬೆಟ್ಟದಿಂದ ಹಸಿಸೊಪ್ಪನ್ನೂ ದರಕನ್ನೂ ತಂದು, ಕೊಟ್ಟಿಗೆಯಲ್ಲಿ ಹಾಸಿ, ಗೊಬ್ಬರವಾಗಿಸಿ ತೋಟಕ್ಕೆ ಉಣಿಸುತ್ತಿದ್ದರು. ಇದು ಕೇವಲ ರೂಢಿಯಾಗಿರದೆ ಶಾಸ್ತ್ರವೂ ಆಗಿತ್ತೆಂಬುದಕ್ಕೆ ಕಲ್ಯಾಣ ಚಾಲುಕ್ಯರ ಕಾಲದಲ್ಲಿ, ಕ್ರಿ.ಶ. 1025ರ ಸುಮಾರಿಗೆ, ಚಾವುಂಡರಾಯನೆಂಬ ಕವಿ ರಚಿಸಿದ ‘ಲೋಕೋಪಕಾರ’ವೇ ಸಾಕ್ಷಿ; ಆ ಕನ್ನಡ ಗ್ರಂಥದಲ್ಲಿ ವೃಕ್ಷಾಯುರ್ವೇದಕ್ಕೂ ಒಂದು ಸ್ಥಾನವುಂಟು.

ಹಳ್ಳಿಯಲ್ಲಿ ಅಖಂಡವಾಗಿದ್ದ ಈ ಚಕ್ರ ಭಿನ್ನವಾದುದು ನಗರದಲ್ಲಿ. ಧಾನ್ಯ, ಕಾಯಿಪಲ್ಯ, ಹಾಲು, ಸೌದೆ ಎಲ್ಲವೂ ಹೊಲಗದ್ದೆಗಳಿಂದ ಪಟ್ಟಣದ ಕಡೆಗೆ ಹರಿದವು. ಅಲ್ಲಿಂದ ಮಣ್ಣಿಗೆ ಹಿಂದಿರುಗಬೇಕಾದ ಶೇಷವಾದರೋ ಓಣಿಗಳಲ್ಲಿ ಕೊಳೆತು ರೋಗಕ್ಕೆ ಆಶ್ರಯವಾಯಿತು. 1898ರಲ್ಲಿ ಬೆಂಗಳೂರಿಗೆ ಬಂದೆರಗಿದ ಪ್ಲೇಗಿನ ತರುವಾಯ ಬಸವನಗುಡಿ, ಮಲ್ಲೇಶ್ವರಗಳಂತಹ ವಿಶಾಲ ಬಡಾವಣೆಗಳು ಬೆಳೆದವು. ನೈರ್ಮಲ್ಯವು ನಗರಾಡಳಿತದ ಪ್ರಧಾನ ಚಿಂತೆಯಾಯಿತು. ಆದರೆ ಕಸವನ್ನು ಕಣ್ಣಿಗೆ ಕಾಣದಷ್ಟು ದೂರ ಸಾಗಿಸಿದರೆ ಸಾಕೆಂಬ ಭಾವನೆಯೂ ಅದರೊಡನೆಯೇ ಬೆಳೆಯಿತು.

ಮುರಿದ ಈ ಕೊಂಡಿಯನ್ನು ವಿಜ್ಞಾನದ ನೆರವಿನಿಂದ ಬೆಸೆಯಲು ಯತ್ನಿಸಿದವರಲ್ಲಿ ಆಲ್ಬರ್ಟ್ ಹೋವರ್ಡ್ ಪ್ರಮುಖರು. 1905ರಲ್ಲಿ ಸಸ್ಯವಿಜ್ಞಾನಿಯಾಗಿ ಭಾರತಕ್ಕೆ ಬಂದ ಆ ಮಹನೀಯರು ಇಲ್ಲಿನ ರೈತರನ್ನೇ ಗುರುಗಳೆಂದು ಭಾವಿಸಿದರು; ಪೂರ್ವದೇಶಗಳ ಬೇಸಾಯಗಾರರು ನಾಲ್ಕು ಸಾವಿರ ವರ್ಷ ಮಣ್ಣಿನ ಸಾರವನ್ನು ಕಾಪಾಡಿಕೊಂಡು ಬಂದ ಬಗೆಯನ್ನು ವರ್ಣಿಸುವ ಎಫ್. ಎಚ್. ಕಿಂಗ್ ಅವರ 1911ರ ಗ್ರಂಥದಿಂದಲೂ ಪ್ರೇರಣೆ ಪಡೆದರು. ಇಂದೋರಿನಲ್ಲಿ ಅವರು ರೂಪಿಸಿದ ಕ್ರಮದಲ್ಲಿ ಸಸ್ಯಶೇಷ, ಸಗಣಿ, ಗಂಜಲ ನೆನೆದ ಮಣ್ಣು, ಬೂದಿಗಳನ್ನು ಪದರಪದರವಾಗಿ ಒಟ್ಟಿ, ನೀರು ಚಿಮುಕಿಸಿ, ಗಾಳಿಯಾಡುವಂತೆ ಆಗಾಗ ತಿರುವಿಹಾಕಿದರೆ ಮೂರು ತಿಂಗಳಲ್ಲಿ ಗೊಬ್ಬರ ಪಕ್ವವಾಗುತ್ತಿದ್ದಿತು. ಯಶವಂತ ವಾಡ್ ಅವರೊಡಗೂಡಿ ಬರೆದ ಇದರ ವಿವರಣೆ 1931ರಲ್ಲಿ ಪ್ರಕಟವಾಯಿತು.

ಇಂದೋರಿನ ಕ್ರಮ ಹೊಲದ ಅಂಚಿಗೆ ಒಪ್ಪುವಂತಹುದು. ಪಟ್ಟಣಕ್ಕೆ ಹೊಂದುವ ಮಾರ್ಗ ದೊರೆತದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ. ಅಲ್ಲಿನ ಜೀವರಸಾಯನಶಾಸ್ತ್ರಜ್ಞ ಸಿ. ಎನ್. ಆಚಾರ್ಯರು 1939ರ ಸುಮಾರಿಗೆ ಪ್ರತಿಪಾದಿಸಿದ ವಿಧಾನ ಲೋಕದಲ್ಲೆಲ್ಲ ‘ಬೆಂಗಳೂರು ಪದ್ಧತಿ’ಯೆಂದೇ ಪ್ರಸಿದ್ಧವಾಗಿದೆ. ಸುಮಾರು ಮೂರು ಅಡಿ ಆಳದ ಕಂದಕದಲ್ಲಿ ಆರು ಅಂಗುಲ ಊರ ಕಸ, ಅದರ ಮೇಲೆ ಎರಡು ಅಂಗುಲ ಮಲ, ಮತ್ತೆ ಕಸ, ಹೀಗೆ ತುಂಬಿ ಮೇಲೆ ಮಣ್ಣು ಮುಚ್ಚಿದರೆ, ಮೊದಲ ದಿನಗಳಲ್ಲಿ ಒಳಗೆ ಹುಟ್ಟುವ ತೀವ್ರ ತಾಪ ರೋಗಾಣುಗಳನ್ನೂ ನೊಣದ ಮರಿಗಳನ್ನೂ ಅಳಿಸುತ್ತದೆ. ಅನಂತರ ಗಾಳಿಯ ಸಂಪರ್ಕವಿಲ್ಲದೆ ನಿಧಾನವಾಗಿ ಕಳಿತು ಆರೆಂಟು ತಿಂಗಳಲ್ಲಿ ಗೊಬ್ಬರವಾಗುತ್ತದೆ. ತಿರುವಿಹಾಕುವ ಶ್ರಮವಿಲ್ಲ, ಬಿಸಿಲುಮಳೆಗೆ ತೆರೆದ ತಿಪ್ಪೆಯಲ್ಲಿ ವ್ಯರ್ಥವಾಗುವ ಸಾರಜನಕ ಇಲ್ಲಿ ಬಹುಮಟ್ಟಿಗೆ ಉಳಿಯುತ್ತದೆ. ಮುಂದೆ 1975ರಲ್ಲಿ ನಗರದ ಕಸವನ್ನು ಗೊಬ್ಬರವಾಗಿಸಲೆಂದೇ ಕರ್ನಾಟಕ ಕಾಂಪೋಸ್ಟ್ ಅಭಿವೃದ್ಧಿ ನಿಗಮ ಸ್ಥಾಪಿತವಾಯಿತು.

ಈ ಚರಿತ್ರೆಯನ್ನು ಹೇಳುವಾಗ ಅದರ ದುಃಖವನ್ನು ಮರೆಮಾಚುವುದು ಅಧರ್ಮವಾದೀತು. ಆ ಕಂದಕಗಳನ್ನು ತುಂಬಿದ ಮಲ ತಾನಾಗಿ ನಡೆದು ಬಂದುದಲ್ಲ; ಹುಟ್ಟಿನ ಕಾರಣದಿಂದ ಆ ಕೆಲಸಕ್ಕೆ ಕಟ್ಟಿಹಾಕಲ್ಪಟ್ಟ ಮನುಷ್ಯರು ಅದನ್ನು ತಲೆಯ ಮೇಲೆ ಹೊತ್ತರು. 1970ರ ದಶಕದಲ್ಲಿ ಬಿ. ಬಸವಲಿಂಗಪ್ಪನವರು ಸಚಿವರಾಗಿದ್ದಾಗ ಈ ಅಮಾನುಷ ಪದ್ಧತಿಯನ್ನು ನಮ್ಮ ರಾಜ್ಯದಲ್ಲಿ ನಿಷೇಧಿಸಿದರು. ಕೇಂದ್ರದ ಕಾನೂನುಗಳು 1993ರಲ್ಲಿಯೂ 2013ರಲ್ಲಿಯೂ ಬಂದವು. ಮಣ್ಣಿಗೆ ಋಣ ತೀರಿಸುವ ಹೊಣೆಯನ್ನು ಕೆಲವರ ತಲೆಗೆ ಕಟ್ಟಿ ಮಿಕ್ಕವರು ಶುಚಿಯೆಂದು ಭಾವಿಸಿಕೊಳ್ಳುವ ಸಮಾಜದಲ್ಲಿ ಚಕ್ರ ಪೂರ್ಣವಾಯಿತೆಂದು ಹೇಳುವುದು ಹೇಗೆ?

ಆದುದರಿಂದಲೇ ಈ ವಿದ್ಯೆ ಪಾಠಶಾಲೆಯಿಂದ ಆರಂಭವಾಗತಕ್ಕದ್ದು. 1937ರ ಅಕ್ಟೋಬರಿನಲ್ಲಿ ವಾರ್ಧಾದಲ್ಲಿ ಸೇರಿದ ಶಿಕ್ಷಣ ಸಮ್ಮೇಳನದಲ್ಲಿ ಗಾಂಧೀಜಿ ಕೈಕೆಲಸದ ಮೂಲಕ ಕಲಿಸುವ ತಮ್ಮ ನಯೀ ತಾಲೀಮನ್ನು ಮುಂದಿಟ್ಟರು. ಜಾಕಿರ್ ಹುಸೇನರ ಸಮಿತಿ ಅದಕ್ಕೆ ಪಠ್ಯಕ್ರಮವನ್ನು ರಚಿಸಿತು. ಸೇವಾಗ್ರಾಮದ ಶಾಲೆಯಲ್ಲಿ ಸಫಾಯಿಯೂ ಗೊಬ್ಬರ ತಯಾರಿಕೆಯೂ ಶಿಕ್ಷೆಯಾಗಿರದೆ ಶಿಕ್ಷಣವೇ ಆಗಿದ್ದವು. ಯಾವ ಜಾತಿಯ ಬಾಲಕನಾದರೂ ಪೊರಕೆ ಹಿಡಿಯಬೇಕಾಗಿತ್ತು, ಗುಂಡಿ ತುಂಬಬೇಕಾಗಿತ್ತು. ಹೋವರ್ಡರೂ ಆಚಾರ್ಯರೂ ಗೊಬ್ಬರದ ರಸಾಯನವನ್ನು ತಿಳಿಸಿದರೆ, ವಾರ್ಧಾ ಅದರ ನೀತಿಯನ್ನು ತಿಳಿಸಿತು.

ಇಂದು ಪಠ್ಯಗಳಲ್ಲಿ ವರ್ತುಲ ಆರ್ಥಿಕತೆಯೆಂಬ ಹೊಸ ಅಧ್ಯಾಯ ಸೇರುತ್ತಿದೆ, ಸಂತೋಷವೇ. ಆದರೆ 2012ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ಕಸ ರಾಶಿಬಿದ್ದು, ಮಾವಳ್ಳಿಪುರದಂತಹ ಹಳ್ಳಿಗಳು ಇನ್ನು ನಮ್ಮ ನೆಲಕ್ಕೆ ನಿಮ್ಮ ಹೊಲಸು ಬೇಡವೆಂದು ನಿಂತಾಗ, ಹಸಿ ಕಸವನ್ನೂ ಒಣ ಕಸವನ್ನೂ ಮನೆಯಲ್ಲಿಯೇ ಬೇರ್ಪಡಿಸಬೇಕೆಂದು ಉಚ್ಚ ನ್ಯಾಯಾಲಯವು ಆದೇಶಿಸಬೇಕಾಯಿತೆಂಬುದನ್ನು ನೆನೆದರೆ, ಪದ್ಧತಿಗೆ ಹೆಸರನ್ನಿತ್ತ ನಗರವೇ ಅದರ ಮೊದಲ ಪಾಠವನ್ನು ಮರೆತಿದ್ದಿತೆಂಬುದು ಸ್ಪಷ್ಟವಾಗುತ್ತದೆ. ಪ್ಲಾಸ್ಟಿಕ್ಕೂ ಗಾಜೂ ಬೆರೆತ ಕಸ ಯಾವ ಶಾಸ್ತ್ರದಿಂದಲೂ ಒಳ್ಳೆಯ ಗೊಬ್ಬರವಾಗಲಾರದು. ಪ್ರತಿಯೊಂದು ಶಾಲೆಯ ಅಂಗಳದಲ್ಲಿಯೂ ಒಂದು ಗೊಬ್ಬರದ ಗುಂಡಿಯಿರಲಿ; ಬಿಸಿಯೂಟದ ಸಿಪ್ಪೆಯನ್ನೂ ಮರದ ಎಲೆಯನ್ನೂ ಮಕ್ಕಳು ಸರದಿಯ ಮೇಲೆ ತೂಗಿ, ಲೆಕ್ಕ ಬರೆದು, ಅದಕ್ಕೆ ಹಾಕಲಿ; ಅದರ ತಾಪವನ್ನು ತಾವೇ ಅಳೆದು ನೋಡಲಿ; ಪಕ್ವವಾದ ಗೊಬ್ಬರದಿಂದ ಬೆಳೆದ ಸೊಪ್ಪನ್ನು ಅದೇ ಊಟದಲ್ಲಿ ಉಣ್ಣಲಿ. ಗಣಿತ, ರಸಾಯನ, ಇತಿಹಾಸ, ಸಮಾನತೆ ಈ ನಾಲ್ಕನ್ನೂ ಒಟ್ಟಿಗೆ ಕಲಿಸುವ ಇಷ್ಟು ಅಲ್ಪವೆಚ್ಚದ ಪ್ರಯೋಗಶಾಲೆ ಮತ್ತೊಂದಿಲ್ಲ. ಅದರಲ್ಲಿ ಕಲಿತ ಮಕ್ಕಳು ದೊಡ್ಡವರಾದ ಮೇಲೆ ತಮ್ಮ ಕಸವನ್ನು ಪರರ ಊರಿಗೂ ಪರರ ತಲೆಗೂ ಹೊರಿಸಲು ಖಂಡಿತವಾಗಿಯೂ ಹಿಂಜರಿಯುವರು.