ಘಟ್ಟ ಇಳಿದ ಅದಿರು, ಘಟ್ಟ ಏರುವ ಕಲ್ಲಿದ್ದಲು

ಗೋವಾದ ಸಡಾ ಗುಡ್ಡದ ಅಂಚಿನಲ್ಲಿ ನಿಂತರೆ ಕೆಳಗೆ ಮರ್ಮಗೋವಾ ಬಂದರು. ಉತ್ತರ ಕರ್ನಾಟಕದಿಂದ ದುಡಿಮೆ ಹುಡುಕಿ ಬಂದ ಎಷ್ಟೋ ಕುಟುಂಬಗಳು ಇಲ್ಲಿಯೂ ವಾಸ್ಕೋದಲ್ಲಿಯೂ ನೆಲೆಸಿವೆ. ಬಳ್ಳಾರಿ-ಹೊಸಪೇಟೆ ಸೀಮೆಯ ಅದಿರೂ ದಶಕಗಳ ಕಾಲ ರೈಲಿನಲ್ಲಿ ಘಟ್ಟ ಇಳಿದು ಈ ಬಂದರಿಗೇ ಬಂದಿತು. ಒಂಬತ್ತನೇ ತರಗತಿಯ ‘ಕೆಲಸ ಮತ್ತು ಶಕ್ತಿ’ ಪಾಠಕ್ಕೆ ಈ ಹಾದಿಗಿಂತ ಒಳ್ಳೆಯ ಉದಾಹರಣೆ ನನಗೆ ಕಾಣದು.

ಏಕೆಂದರೆ ಈ ಪರಿಕಲ್ಪನೆ ಬೆಳೆದದ್ದೇ ಭಾರ ಏರಿಸುವ, ಇಳಿಸುವ ಲೆಕ್ಕದಿಂದ. ಬಿದ್ದ ವಸ್ತು ಮತ್ತೆ ಎಷ್ಟು ಎತ್ತರಕ್ಕೆ ಏರಬಲ್ಲದು ಎಂದು ಕೇಳಿಕೊಂಡ ಲೈಬ್‌ನಿಟ್ಸ್, ಚಲನೆಯ ಬಲವನ್ನು ವೇಗದಿಂದಲ್ಲ, ವೇಗದ ವರ್ಗದಿಂದ ಅಳೆಯಬೇಕು ಎಂದು 1686ರಲ್ಲಿ ವಾದಿಸಿದ. ಡಚ್ ವಿಜ್ಞಾನಿ ಗ್ರಾವೆಸಾಂಡೆ ಜೇಡಿಮಣ್ಣಿನ ಮೇಲೆ ಲೋಹದ ಗುಂಡುಗಳನ್ನು ಬೀಳಿಸಿ ತೋರಿಸಿದ್ದೂ ಇದನ್ನೇ. ಅದರ ಮಹತ್ವವನ್ನು ಸ್ಪಷ್ಟವಾಗಿ ಕಂಡು ಬರೆದವಳು ಎಮಿಲಿ ದು ಶಾತ್ಲೆ. ನಮ್ಮ ಪಠ್ಯಗಳಲ್ಲಿ ಅವಳ ಹೆಸರು ಇರಲೇಬೇಕು. ಬಲವನ್ನು ದೂರದಿಂದ ಗುಣಿಸಿದರೆ ‘ಕೆಲಸ’ ಎಂಬ ಲೆಕ್ಕವನ್ನು ಗಟ್ಟಿಗೊಳಿಸಿದವರು 1820ರ ದಶಕದ ಫ್ರೆಂಚ್ ಎಂಜಿನಿಯರುಗಳು, ಕೊರಿಯೊಲಿ ಮತ್ತು ಪೊನ್ಸೆಲೆ. ಯಂತ್ರ ಎಷ್ಟು ಎತ್ತಿತು, ಎಷ್ಟು ದುಡಿಯಿತು ಎಂಬುದೇ ಅವರ ಚಿಂತೆ.

ಶಾಖವನ್ನು ಈ ಲೆಕ್ಕಕ್ಕೆ ಸೇರಿಸಿದ್ದು ದೊಡ್ಡ ಹೆಜ್ಜೆ. 1842ರಲ್ಲಿ ಮೇಯರ್ ಅದನ್ನು ಸೂಚಿಸಿದ. ಇಂಗ್ಲೆಂಡಿನ ಜೂಲ್, ಇಳಿಯುವ ತೂಕದಿಂದ ನೀರಿನಲ್ಲಿ ಹುಟ್ಟುಗಳನ್ನು ತಿರುಗಿಸಿ, ನೀರು ಎಷ್ಟು ಬಿಸಿಯಾಗುತ್ತದೆಂದು ಅಳೆದ. ಜಲಪಾತದ ತಳದ ನೀರು ಮೇಲಿನದಕ್ಕಿಂತ ತುಸು ಬೆಚ್ಚಗಿರಬೇಕು ಎಂಬುದೂ ಅವನ ಲೆಕ್ಕವೇ. ನಮ್ಮ ಘಟ್ಟದ ಹಳಿಯ ಪಕ್ಕದಲ್ಲೇ ಇರುವ ದೂಧ್‌ಸಾಗರ್ ಸುಮಾರು 310 ಮೀಟರ್ ಧುಮುಕುತ್ತದೆ. ಶಕ್ತಿಯೆಲ್ಲ ನೀರಿನಲ್ಲೇ ಉಳಿದರೆ ಅದು ಬಿಸಿಯಾಗುವುದು 0.7 ಡಿಗ್ರಿ ಮಾತ್ರ. ಆವಿಯೂ ಗಾಳಿಯೂ ಅಷ್ಟನ್ನೂ ಮರೆಮಾಚಬಲ್ಲವು. 1847ರಲ್ಲಿ ಹೆಲ್ಮ್‌ಹೋಲ್ಟ್ಸ್ ಇದೆಲ್ಲವನ್ನೂ ಶಕ್ತಿ ಸಂರಕ್ಷಣೆಯ ನಿಯಮವಾಗಿ ಕಟ್ಟಿಕೊಟ್ಟ.

ಆಮೇಲೆ ಬದಲಾದದ್ದು ಕಲಿಸುವ ಬಗೆ. ನಮ್ಮ ಪಠ್ಯಗಳು ಇಂದಿಗೂ ಶಕ್ತಿಗೆ ಹಲವು ರೂಪಗಳಿವೆ, ಒಂದು ಇನ್ನೊಂದಾಗುತ್ತದೆ ಎನ್ನುತ್ತವೆ. ಇಂಗ್ಲೆಂಡಿನ ಶಾಲೆಗಳು 2016ರ ಹೊಸ ಪಠ್ಯಕ್ರಮದಲ್ಲಿ ದಾಸ್ತಾನು ಮತ್ತು ವರ್ಗಾವಣೆಯ ಭಾಷೆಗೆ ಹೊರಳಿದವು: ಗುರುತ್ವದ ದಾಸ್ತಾನು, ಚಲನೆಯದು, ರಾಸಾಯನಿಕದ್ದು, ಶಾಖದ್ದು, ಕೆಲಸವೆಂದರೆ ಒಂದರಿಂದ ಇನ್ನೊಂದಕ್ಕೆ ವರ್ಗಾಯಿಸುವ ದಾರಿ. ನನಗೆ ಇದೇ ಸರಿ ಎನಿಸುತ್ತದೆ. ರೂಪಗಳ ಪಟ್ಟಿ ಬಾಯಿಪಾಠಕ್ಕೆ ಒಗ್ಗುತ್ತದೆ. ದಾಸ್ತಾನಿನ ಮಾತು ‘ಎಷ್ಟು? ಎಲ್ಲಿಂದ ಎಲ್ಲಿಗೆ?’ ಎಂದು ಕೇಳುವಂತೆ ಮಾಡುತ್ತದೆ.

ಘಟ್ಟದಲ್ಲೇ ಕೇಳೋಣ. ಕ್ಯಾಸಲ್‌ರಾಕಿನಿಂದ ಕುಳೆಂವರೆಗಿನ 26 ಕಿಲೋಮೀಟರಿನಲ್ಲಿ ರೈಲು ಅರ್ಧ ಕಿಲೋಮೀಟರಿಗೂ ಹೆಚ್ಚು ಕೆಳಗಿಳಿಯುತ್ತದೆ. ಕಡಿದಾದ ಕಡೆ 37 ಅಡಿಗೆ ಒಂದಡಿ ಇಳಿತ. ಒಂದು ಟನ್ ಅದಿರು 500 ಮೀಟರ್ ಇಳಿದರೆ ಗುರುತ್ವದ ದಾಸ್ತಾನಿನಿಂದ 49 ಲಕ್ಷ ಜೂಲ್ ಹೊರಬೀಳುತ್ತದೆ, ಮನೆಯ ಮೀಟರಿನ ಲೆಕ್ಕದಲ್ಲಿ ಸುಮಾರು 1.4 ಯೂನಿಟ್. ರೈಲಿನ ವೇಗ ಹೆಚ್ಚಲು ಚಾಲಕ ಬಿಡುವುದಿಲ್ಲ. ಹಾಗಾಗಿ ಚಲನೆಯ ಖಾತೆಗೆ ಏನೂ ಜಮೆಯಾಗದು. ಬಹುಪಾಲು ಬ್ರೇಕಿನಲ್ಲಿ ಶಾಖವಾಗಿ ಕಾಡಿನ ಗಾಳಿಗೆ ಸೇರುತ್ತದೆ.

ಈಗ ಅದೇ ಹಳಿಯಲ್ಲಿ ಆಮದಾದ ಕಲ್ಲಿದ್ದಲು ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯತ್ತ ಏರುತ್ತದೆ. ಒಂದು ಟನ್ನನ್ನು 500 ಮೀಟರ್ ಏರಿಸಲು ಬೇಕಾದ ಕನಿಷ್ಠ ಕೆಲಸವೂ ಅದೇ 49 ಲಕ್ಷ ಜೂಲ್. ಒಳ್ಳೆಯ ಕಲ್ಲಿದ್ದಲು ಒಂದು ಕಿಲೋ ಉರಿದರೆ ಸುಮಾರು 3 ಕೋಟಿ ಜೂಲ್ ಕೊಡುತ್ತದೆ. ಅಂದರೆ ಎಂಜಿನ್ನಿನ ನಷ್ಟ, ಹಳಿಯ ಘರ್ಷಣೆ, ವ್ಯಾಗನ್ನಿನ ತೂಕ ಬಿಟ್ಟರೆ, ಒಂದು ಟನ್ ಕಲ್ಲಿದ್ದಲನ್ನು ಇಷ್ಟು ಎತ್ತರಕ್ಕೇರಿಸಲು 200 ಗ್ರಾಂ ಕಲ್ಲಿದ್ದಲೂ ಬೇಕಿಲ್ಲ. ರಾಸಾಯನಿಕ ದಾಸ್ತಾನಿನ ಮುಂದೆ ಇಡೀ ಘಟ್ಟದ ಎತ್ತರ ಎಷ್ಟು ಸಣ್ಣದೆಂದು ಈ ಒಂದು ಲೆಕ್ಕ ಹೇಳುತ್ತದೆ.

ಕಾಡಿಗೆ ಹೋದ ಬ್ರೇಕಿನ ಶಾಖ ನಾಶವಾಗಿಲ್ಲ, ಆದರೆ ಅದನ್ನು ಬಾಚಿ ತರಲಾಗದು. ಶಕ್ತಿಯ ಈ ಚದುರುವಿಕೆಯನ್ನು ಬ್ರಿಟಿಷ್ ಭೌತವಿಜ್ಞಾನಿ ಥಾಮ್ಸನ್ 1852ರಲ್ಲೇ ವಿವರಿಸಿದ್ದ. ತಡೆಯುವುದಿದ್ದರೆ ಚದುರುವ ಮೊದಲೇ ತಡೆಯಬೇಕು. ಇಳಿಜಾರಿನಲ್ಲಿ ಮೋಟಾರನ್ನೇ ಜನರೇಟರಾಗಿಸಿ ವಿದ್ಯುತ್ತನ್ನು ಮೇಲಿನ ತಂತಿಗೆ ಮರಳಿಸುವ ಎಂಜಿನ್ನುಗಳು ಮಾಡುವುದು ಅದನ್ನೇ. ಇಳಿಯುವ ರೈಲು ಏರುವ ರೈಲಿಗೆ ಒಂದಿಷ್ಟು ನೆರವಾಗುತ್ತದೆ.